ಒಂದು ಕೈಗೆ ನಾಲ್ಕು ದಾರ

ಆ ಊರಿನಲ್ಲಿ ಎದುರು ಸಿಕ್ಕವರು 'ಊಟ ಆಯ್ತಾ' ಎಂದು ಕೇಳುತ್ತಿರಲಿಲ್ಲ, 'ದಾರ ಬಿಚ್ಚಿತಾ' ಎಂದು ಕೇಳುತ್ತಿದ್ದರು. ಬಿಚ್ಚಿದ್ದರೆ ಮುಖ ಅರಳಿಸಿ ಬರಿಗೈ ಎತ್ತಿ ತೋರಿಸುವುದು, ಬಿಚ್ಚಿರದಿದ್ದರೆ ತಲೆ ತಗ್ಗಿಸಿ 'ಇನ್ನೂ ಇಲ್ಲ' ಎನ್ನುವುದು. ಅದು ಅಲ್ಲಿನ ಮರ್ಯಾದೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಹೋದರೆ ನಿಮ್ಮ ಕೈಗೂ ಒಂದು ಕಟ್ಟುತ್ತಾರೆ.

ಕೆಂಪು ದಾರ ಅದು. ಗೋಡೆ ಎಬ್ಬಿಸುವವನಿರಲಿ, ಕಂಬಳಿ ನೇಯುವವನಿರಲಿ, ಹಾಡು ಕಟ್ಟುವವಳಿರಲಿ, ಹೊಸ ಕೆಲಸಕ್ಕೆ ಕೈ ಹಾಕುವ ಮುಂಚೆ ದಾರದಜ್ಜನ ಮುಂದೆ ಬಲಗೈ ಚಾಚಬೇಕು. ಅಜ್ಜ ಉಂಡೆಯಿಂದ ಒಂದೆಳೆ ಎಳೆದು, ಮಣಿಕಟ್ಟಿಗೆ ಸುತ್ತಿ, ಗಂಟು ಬಿಗಿದು ಹೇಳುತ್ತಾನೆ: "ಒಂದು ಕೈ, ಒಂದು ದಾರ, ಒಂದು ಕೆಲಸ." ಕಟ್ಟಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಕೆಲಸ ಮುಗಿದ ದಿನ ಅಜ್ಜನೇ ಕುಡುಗೋಲಿನ ತುದಿಯಿಂದ ದಾರ ಕತ್ತರಿಸುತ್ತಾನೆ. ಅಲ್ಲಿಯ ತನಕ ಇನ್ನೊಂದು ಕೆಲಸದ ಸುದ್ದಿ ಎತ್ತುವ ಹಾಗಿಲ್ಲ.

ನಿಯಮ ಅಂದಮೇಲೆ ಅದು ಕೈಯಲ್ಲೇ ನಿಂತೀತೇ? ಒಲೆಗೂ ಹತ್ತಿತು. ಒಂದು ಒಲೆ, ಒಂದು ಪಾತ್ರೆ. ಅನ್ನ ಇಳಿಸಿದ ಮೇಲೆಯೇ ಸಾರಿಗೆ ಇಡಬೇಕು. ಹಾಗಾಗಿ ಆ ಊರಿನಲ್ಲಿ ಹುಟ್ಟಿ ಬೆಳೆದ ಯಾರೂ ಬಿಸಿ ಅನ್ನಕ್ಕೆ ಬಿಸಿ ಸಾರು ಕಲಸಿ ಉಂಡವರಲ್ಲ. ಪಾಪ, ಅವರಿಗೆ ಅದು ಗೊತ್ತೂ ಇರಲಿಲ್ಲ.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಐವತ್ತು ವರ್ಷದ ಹಿಂದೆ ಆ ಊರು ಬೇರೆಯೇ ಇತ್ತು. ಎಲ್ಲರೂ ಎಲ್ಲವನ್ನೂ ಶುರು ಮಾಡುವವರು, ಯಾವುದನ್ನೂ ಮುಗಿಸದವರು. ಅರ್ಧ ಮಾಡು ಹೊದಿಸಿದ ಮನೆ, ಅರ್ಧ ಕೆತ್ತಿದ ಬಾಗಿಲು. ಊರ ನಡುವೆ ಅರ್ಧ ತೋಡಿ ಬಿಟ್ಟ ಒಂದು ಬಾವಿ. ಅದಕ್ಕೆ ಕಟ್ಟೆ ಕಟ್ಟಿರಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಹುಡುಗ ಅದರ ಪಕ್ಕದಲ್ಲಿ ಕೂತು ತನ್ನ ತಂಗಿಗೆಂದು ಬುಗುರಿ ಕೆತ್ತುತ್ತಿದ್ದ. 'ಆಯ್ತಾ ಅಣ್ಣಾ, ಆಯ್ತಾ' ಎಂದು ಸುತ್ತ ಕುಣಿಯುತ್ತಿದ್ದ ಹುಡುಗಿ ಒಳಗೆ ಬಿದ್ದು ಸತ್ತಳು. ಊರು ಎದೆ ಬಡಿದುಕೊಂಡು ಅತ್ತಿತು. ಅತ್ತು ಎದ್ದು ಈ ನಿಯಮ ಮಾಡಿತು. ಮೊದಲ ದಾರ ಕಟ್ಟಿಸಿಕೊಂಡವನು ಆ ಹುಡುಗನೇ. ಬುಗುರಿಯನ್ನು ಬಿಸಾಡಿ, ಬಾವಿ ಮುಗಿಸುತ್ತೇನೆಂದು ಗುದ್ದಲಿ ಹಿಡಿದು ಇಳಿದ. ಎರಡಾಳು ತೋಡುವಷ್ಟರಲ್ಲಿ ಬಂಡೆ ಸಿಕ್ಕಿತು. ಯಾರಾದರೂ ಕೈ ಜೋಡಿಸೋಣವೆಂದರೆ ಎಲ್ಲರ ಕೈಗೂ ಅವರವರ ದಾರ. ಬಾವಿ ಮುಗಿಯಲಿಲ್ಲ, ದಾರ ಬಿಚ್ಚಲಿಲ್ಲ, ಬೇರೆ ಏನನ್ನೂ ಅವನು ಶುರು ಮಾಡುವಂತಿರಲಿಲ್ಲ. ಮಾಡಲು ಇನ್ನೇನೂ ಇಲ್ಲದವನಿಗೆ ಊರು ದಾರದ ಉಂಡೆ ಕೊಟ್ಟಿತು. ಅವನೇ ಈಗಿನ ದಾರದಜ್ಜ. ಐವತ್ತು ವರ್ಷದ ದಾರ ಅವನ ಮಣಿಕಟ್ಟಿನ ಚರ್ಮದೊಳಗೆ ಹೂತು ಹೋಗಿತ್ತು. ಕೂತಲ್ಲಿ ನಿಂತಲ್ಲಿ ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ತಿರುಗಿಸುತ್ತಲೇ ಇರುತ್ತಿತ್ತು.

ಇಂಥ ಊರಿನಲ್ಲಿ ಒಬ್ಬ ಹಾಡುಗಾತಿ ಇದ್ದಳು.

ಅವಳಿಗೆ ಮೇಳವಿಲ್ಲ, ಒಡೆಯನಿಲ್ಲ, ಇಂಥ ಮನೆಯ ಹಾಡುಗಾತಿ ಎಂಬ ಬಿರುದಿಲ್ಲ. ಕೇಳಿದವರಿಗೆ ಹಾಡು ಕಟ್ಟಿ ಕೊಡುವಳು, ಕೊಟ್ಟಷ್ಟು ತಿನ್ನುವಳು. ಕೈಗೆ ಎಲ್ಲರಂತೆ ಒಂದೇ ದಾರ. ಅದು ಗಾಣದವಳ ಮಗುವಿನ ಜೋಗುಳದ್ದು. ಗಾಣದವಳು ಎಂದರೆ ಎಣ್ಣೆ ತೆಗೆಯುವ ಹೆಂಗಸು, ಅವಳ ಮಗು ಹುಟ್ಟಿದಂದಿನಿಂದ ನೆಟ್ಟಗೆ ಒಂದು ನಿದ್ದೆ ಮಾಡಿರಲಿಲ್ಲ. ಕಣ್ಣು ಬಿಟ್ಟುಕೊಂಡು ನೊಣ ನೋಡುತ್ತಾ ಮಲಗಿರುತ್ತಿತ್ತು. ತಾಯಿ ಬಡಕಲಾಗಿ ಗಾಣದ ನೊಗಕ್ಕೆ ಒರಗಿ ತೂಕಡಿಸುತ್ತಿದ್ದಳು.

ಕೈಗೆ ಒಂದು, ಸರಿ. ಆದರೆ ಸೀರೆಯ ಅಂಚಿನ ಕೆಳಗೆ, ಎಡಗಾಲಿಗೆ, ಅವಳೇ ಕಟ್ಟಿಕೊಂಡ ಇನ್ನೂ ಮೂರು ದಾರಗಳಿದ್ದವು.

ಒಂದು ಸುಣ್ಣದವನ ಹೆಂಡತಿಯದು. ಸುಣ್ಣದ ಗೂಡು ಸುಡುವ ಅವನ ಹೆಂಡತಿ ಸತ್ತು ಎರಡು ವರ್ಷ. ಅವಳು ಸುಣ್ಣ ಜರಡಿ ಹಿಡಿಯುವಾಗ ಏನೋ ಒಂದು ಗುನುಗುತ್ತಿದ್ದಳಂತೆ. ಅದು ಅವನಿಗೆ ಮರೆತು ಹೋಗಿತ್ತು, ಮರೆತದ್ದಕ್ಕೆ ಅಳುವೂ ಬರುತ್ತಿರಲಿಲ್ಲ. 'ಅದೊಂದು ಹುಡುಕಿಕೊಡು ತಾಯಿ' ಎಂದಿದ್ದ. ಎರಡನೆಯದು ಕುಂಬಾರನ ಜೊತೆಗಿನದು. ಬಡಿದರೆ ನೆಲ ಮಾತಾಡಬೇಕು, ಅಂಥ ಒಂದು ದೊಡ್ಡ ಮಣ್ಣಿನ ಗುಡಾಣ ಮಾಡಬೇಕೆಂದು ಇಬ್ಬರಿಗೂ ಹುಚ್ಚು. ಹನ್ನೊಂದು ಗುಡಾಣ ಸುಡುವಾಗ ಆವಿಗೆಯಲ್ಲಿ ಬಿರಿದಿದ್ದವು. ಮೂರನೆಯದು ಯಾರಿಗೂ ಅಲ್ಲ, ಅವಳದ್ದೇ. ಮಾತಿಲ್ಲದ ಒಂದು ರಾಗ, ಅದು ಏನೆಂದು ಅವಳಿಗೇ ಗೊತ್ತಿರಲಿಲ್ಲ.

ಅವಳ ಕೆಲಸದ ರೀತಿಯೇ ಹಾಗೆ. ಜೋಗುಳ ಸಿಕ್ಕಿಕೊಂಡರೆ ಎದ್ದು ಕುಂಬಾರನ ಹಟ್ಟಿಗೆ ಹೋಗುವಳು. ಹಸಿ ಮಣ್ಣು ತಟ್ಟುತ್ತಾ ತಟ್ಟುತ್ತಾ ಸುಣ್ಣದವನ ಹೆಂಡತಿಯ ಒಂದು ಎಳೆ ಹೊಳೆಯುವುದು. ಅದನ್ನು ಬಾಯಲ್ಲಿಟ್ಟುಕೊಂಡು ಬರುವಾಗ ದಾರಿಯಲ್ಲಿ ತನ್ನ ರಾಗ ಎರಡು ಹೆಜ್ಜೆ ಮುಂದೆ ಹೋಗಿರುವುದು. ಮನೆ ಮುಟ್ಟುವಷ್ಟರಲ್ಲಿ ಜೋಗುಳದ ಗಂಟು ತಾನಾಗಿ ಸಡಿಲಾಗಿರುವುದು. ಇದನ್ನು ಕಳ್ಳತನವೆಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. "ನಿಯಮ ಇರೋದು ಕೈಗೆ ತಾನೇ?" ಎಂದು ಕಾಲಂದಿಗೆಯ ಹಾಗೆ ದಾರಗಳನ್ನು ಮುಟ್ಟಿ ನೋಡಿಕೊಂಡು ನಗುತ್ತಿದ್ದಳು.

ಸಿಕ್ಕಿಬಿದ್ದದ್ದು ಮಾತ್ರ ಅವಳ ಬಾಳಿನ ಅತಿ ಒಳ್ಳೆಯ ಬೆಳಗಿನಲ್ಲಿ. ನೋಡಿ, ಹಣೆಬರಹ!

ಗಾಣದವಳ ಜಗುಲಿಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಜೋಗುಳ ಹೇಳುತ್ತಿದ್ದಳು. ಮೂರನೇ ನುಡಿಗೆ ದನಿ ತಾನಾಗಿ ಜಾರಿತು. ಇಷ್ಟು ದಿನ ಹುಡುಕುತ್ತಿದ್ದ ಸತ್ತವಳ ಗುನುಗು ಅಲ್ಲಿ, ಜೋಗುಳದ ಸಂದಿನಲ್ಲಿ, ಸಲೀಸಾಗಿ ಬಂದು ಕೂತಿತು. ಜರಡಿ ಆಡಿದ ಹಾಗೆ ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಅದೇ ಹೊತ್ತಿಗೆ ಸುಣ್ಣದ ಬುಟ್ಟಿ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದ ಸುಣ್ಣದವನು ನಿಂತ. ಬುಟ್ಟಿ ಬಿತ್ತು. ಬೀದಿಯೆಲ್ಲ ಬೆಳ್ಳಗಾಯಿತು. ಆ ಬಿಳುಪಿನ ನಡುವೆ ಕುಕ್ಕರಿಸಿ ಕೂತು, ಎರಡು ವರ್ಷ ಅಳದ ಗಂಡಸು ಗೊಳೋ ಎಂದು ಅತ್ತ. "ಇದೇ ಕಣವ್ವಾ, ಇದೇ! ಇದೇ ಅವಳ ಹಾಡು!"

ಜನ ಸೇರಿದರು. ಮೊದಲು ಅವನ ಕಣ್ಣೀರು ನೋಡಿ ತಾವೂ ಕಣ್ಣೊರೆಸಿಕೊಂಡರು. ಆಮೇಲೆ ಯಾರೋ ಕೇಳಿದರು: "ಅಲ್ಲಾ, ಇವಳ ಕೈಯಲ್ಲಿರೋ ದಾರ ಜೋಗುಳದ್ದಲ್ಲವಾ? ಇವನ ಹೆಂಡತಿ ಹಾಡು ಎಲ್ಲಿಂದ ಬಂತು?" ಇನ್ಯಾರೋ ಬಗ್ಗಿ ಸೀರೆಯ ಅಂಚು ಸರಿಸಿದರು. ಎಡಗಾಲಿನ ಮೂರು ದಾರ ಎಲ್ಲರಿಗೂ ಕಂಡವು.

ಅರ್ಧ ಬಾವಿಯ ಹತ್ತಿರ ಊರು ಕೂಡಿತು. ಅಲ್ಲಿನ ನ್ಯಾಯವೆಲ್ಲ ಅಲ್ಲೇ. ಈಗ ಬಾವಿಗೆ ಕಟ್ಟೆಯಿತ್ತು, ನೀರು ಮಾತ್ರ ಇರಲಿಲ್ಲ. ದಾರದಜ್ಜ ಕಟ್ಟೆಯ ಮೇಲೆ ಕೂತು ಅವಳ ಕಾಲನ್ನು ಬಹಳ ಹೊತ್ತು ನೋಡಿದ.

"ಯಾಕಮ್ಮಾ ಹೀಗೆ ಮಾಡಿದೆ?"

"ಒಂದೇ ಹಿಡಿದು ಕೂತರೆ ನನ್ನ ಕೈ ಓಡಲ್ಲ ಅಜ್ಜಾ."

"ಎಲ್ಲಾ ಹಿಡಿದವರು ಯಾವುದನ್ನೂ ಮುಗಿಸಲಿಲ್ಲ. ಮುಗಿಸದ್ದಕ್ಕೆ ಏನಾಯ್ತು ಅಂತ ನಿನಗೂ ಗೊತ್ತು." ಅಜ್ಜ ಬಾವಿಯೊಳಗೆ ನೋಡಲಿಲ್ಲ. ಅವನು ಎಂದೂ ನೋಡುತ್ತಿರಲಿಲ್ಲ. "ಬರುವ ಹುಣ್ಣಿಮೆ ಬೆಳಗ್ಗೆ ತನಕ ಗಡುವು. ಒಂದು ಇಟ್ಟುಕೋ, ಮೂರನ್ನು ಕತ್ತರಿಸಿ ಈ ಬಾವಿಗೆ ಹಾಕು. ಇಲ್ಲಾಂದ್ರೆ ಹತ್ತಿ."

ಹತ್ತಿ ಎಂದದ್ದೇ ಜನ ಮಿಸುಕಾಡಿದರು. ಆ ಊರಿನಲ್ಲಿ ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಗಡೀಪಾರು ಮಾಡುವುದಿಲ್ಲ. ತಪ್ಪು ಮಾಡಿದವರು ಎದುರು ಬಂದಾಗಲೆಲ್ಲ ಇಡೀ ಊರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತದೆ, ಅಷ್ಟೇ. ಹಿಂದೆ ಒಬ್ಬ ಕೊಳಲಿನವನಿಗೆ ಈ ಶಿಕ್ಷೆಯಾಗಿತ್ತು. ಮೂರು ತಿಂಗಳು ಊದಿದ. ನಾಲ್ಕನೇ ತಿಂಗಳು ಕೊಳಲನ್ನು ಒಲೆಗಿಟ್ಟು ನೀರು ಕಾಯಿಸಿಕೊಂಡ. ಈಗ ಅವನು ಮಾತೂ ಆಡುವುದಿಲ್ಲ, ಯಾರಾದರೂ ಕರೆದರೆ ತಿರುಗಿಯೂ ನೋಡುವುದಿಲ್ಲ. ಹಾಡುಗಾತಿಗೆ ಅವನ ಮುಖ ನೆನಪಾಯಿತು. ಸುಳ್ಳು ಯಾಕೆ ಹೇಳಲಿ, ಅವಳು ಹೆದರಿದಳು. ಕೇಳುವವರಿಲ್ಲದ ಹಾಡು ಬಾಯೊಳಗೇ ಕೊಳೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹೆದರಿದ್ದಕ್ಕೇ ಒಪ್ಪಿ ನೋಡಿದಳು. ಜೋಗುಳವನ್ನು ಇಟ್ಟುಕೊಂಡಳು, ಉಳಿದ ಮೂರು ದಾರಗಳನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟಳು. ಕುಂಬಾರನ ಹಟ್ಟಿಯ ಕಡೆ ಹೋಗಲಿಲ್ಲ. ಸುಣ್ಣದವನು ಎದುರು ಬಂದರೆ ಓಣಿ ಬದಲಿಸಿದಳು. ತನ್ನ ರಾಗ ಗಂಟಲಿಗೆ ಬಂದಾಗ ನೀರು ಕುಡಿದು ನುಂಗಿದಳು. ಹತ್ತು ದಿನ ಬೆಳಗಿನಿಂದ ಸಂಜೆ ತನಕ ತೊಟ್ಟಿಲ ಮುಂದೆ ಕೂತಳು. ಜೋಗುಳ ಒಂದು ಅಕ್ಷರ ಮುಂದೆ ಹೋಗಲಿಲ್ಲ. ಮೊದಲ ದಿನ ನಿಂತಿತು, ಮೂರನೇ ದಿನ ಒಣಗಿತು, ಹತ್ತನೇ ದಿನ ಇದ್ದ ನುಡಿಗಳೂ ಬಾಯಲ್ಲಿ ಹೊಟ್ಟಾಗಿ ಉದುರಿದವು. ಮಗು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು.

"ಏನಾಗಿದೆ ನಿನಗೆ?" ಎಂದಳು ಗಾಣದವಳು. "ಮೊದಲು ನೀನು ಬಂದರೆ ಮನೆಗೆ ಗಾಳಿ ಬಂದ ಹಾಗಿರ್ತಿತ್ತು. ಈಗ ಹೆಣ ಕಾಯೋ ಹಾಗೆ ಕೂತಿರ್ತೀಯ. ಮಗು ಇನ್ನಷ್ಟು ಹೆದರ್ತಿದೆ ಕಣೇ."

ಹಾಡುಗಾತಿ ಎದ್ದು ನೇರ ಕುಂಬಾರನ ಹಟ್ಟಿಗೆ ನಡೆದಳು. ಹನ್ನೆರಡನೇ ಗುಡಾಣ ಬಿರಿಯದೆ ಆವಿಗೆಯಿಂದ ಹೊರಬಂದಿತ್ತು. ಆಳೆತ್ತರ, ಹೊಟ್ಟೆ ದಪ್ಪ, ತಳ ತೆಳ್ಳಗೆ. ಅವಳು ಅಂಗೈಯಿಂದ ಒಂದೇ ಒಂದು ಪೆಟ್ಟು ಕೊಟ್ಟಳು. ಹಟ್ಟಿಯ ಮೂಲೆಯ ಗಡಿಗೆಗಳೆಲ್ಲ ಗುಯ್ ಎಂದವು, ನೆಲ ಮಾತ್ರ ಇನ್ನೂ ಮಾತಾಡಲಿಲ್ಲ. ಆ ಪೆಟ್ಟಿನ ಹಿಂದೆಯೇ ಒಣಗಿದ್ದ ಜೋಗುಳದ ನಾಲ್ಕನೇ ನುಡಿ ಎದ್ದು ಬಂತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಕುಂಬಾರ ಒಳ್ಳೆಯವನು. ಊರಿಗೆ ಹೆದರಿದವನೂ ಹೌದು. "ನಾನೊಂದು ಉಪಾಯ ಹೇಳ್ತೀನಿ, ಕೇಳು. ನಾಲ್ಕೂ ದಾರ ಸೇರಿಸಿ ಜಡೆ ಹೆಣಿ. ಒಂದೇ ಹಗ್ಗ ಆಗ್ತದೆ. ಎಲ್ಲಾ ಒಂದೇ ಕೆಲಸ, ಒಂದೇ ದೊಡ್ಡ ಹಾಡು ಅಂದುಬಿಡು. ಅಜ್ಜನಿಗೂ ನಿನ್ನ ಬಾಯಿ ಮುಚ್ಚಿಸೋಕೆ ಇಷ್ಟ ಇಲ್ಲ. ನಿನ್ನೆ ಬಂದು ಅವನೇ ಹೇಳಿಹೋದ, 'ಒಂದೇ ಅಂತ ಒಂದು ಮಾತು ಅವಳ ಬಾಯಿಂದ ಬರಲಿ, ಸಾಕು' ಅಂತ."

ಉಪಾಯ ಚೆನ್ನಾಗಿತ್ತು. ಅವಳು ಹೆಣೆದೂ ನೋಡಿದಳು. ನೋಡಲು ಚೆಂದದ ಹಗ್ಗವೇ ಆಯಿತು. ಅದನ್ನು ಕೈಗೆ ಸುತ್ತಿಕೊಂಡು ಗಾಣದವಳಿಗೆ ತೋರಿಸಲು ಹೋದಳು. ಗಾಣದವಳು ವಿಷಯ ಕೇಳಿ ಮಗುವನ್ನು ಎದೆಗೆ ಒತ್ತಿಕೊಂಡಳು.

"ಬೇಡ ತಾಯಿ. ಸತ್ತವಳ ಹಾಡು ಕೇಳಿ ನಾನೂ ಅತ್ತೆ, ಇಲ್ಲ ಅನ್ನಲ್ಲ. ಆದರೆ ನನ್ನ ಮಗೂನ ಜೋಗುಳ ಅವಳ ಹಾಡಲ್ಲ. ಅವಳದ್ದು ಅವಳಿಗೆ, ಇವನದ್ದು ಇವನಿಗೆ."

ಹಾಡುಗಾತಿ ಅಲ್ಲೇ ಜಗುಲಿಯ ಮೇಲೆ ಕೂತು ಜಡೆ ಬಿಚ್ಚಿದಳು. ಒಂದೊಂದೇ ಎಳೆ ಬಿಡಿಸುತ್ತಾ ಅವಳ ಹೆದರಿಕೆ ಹೋಗಿ ಸಿಟ್ಟು ಬಂತು. ಇವರ ನಿಯಮಕ್ಕೋಸ್ಕರ ನಾನು ಸುಳ್ಳು ಹೇಳಬೇಕೆ? ಇವು ಒಂದರ ಕೈ ಹಿಡಿದು ಒಂದು ನಡೆಯುತ್ತವೆ, ನಿಜ. ಕೈ ಹಿಡಿದ ಮಾತ್ರಕ್ಕೆ ನಾಲ್ಕು ಜನ ಒಬ್ಬರಾಗಿಬಿಡ್ತಾರೆಯೇ?

ಹುಣ್ಣಿಮೆಯ ಬೆಳಗು ಬಂತು. ಅರ್ಧ ಬಾವಿಯ ಸುತ್ತ ಊರು ನಿಂತಿತು. ಹತ್ತಿಯ ಬುಟ್ಟಿ ಕಟ್ಟೆಯ ಮೇಲಿತ್ತು. ಹಾಡುಗಾತಿ ಬಂದಳು. ಹಿಂದೆ ಕುಂಬಾರ ಬೈದುಕೊಳ್ಳುತ್ತಾ ಗುಡಾಣ ಉರುಳಿಸಿಕೊಂಡು ಬಂದ. ಅವಳು ಬಲಗೈಯ ಸೆರಗು ಸರಿಸಿದಳು. ಒಂದೇ ಮಣಿಕಟ್ಟಿನ ಮೇಲೆ ನಾಲ್ಕು ಕೆಂಪು ದಾರ, ನಾಲ್ಕು ಗಂಟು, ಒಂದಕ್ಕೊಂದು ತಾಗದ ಹಾಗೆ.

ದಾರದಜ್ಜನ ಹೆಬ್ಬೆರಳು ನಿಂತಿತು. "ಯಾವುದಮ್ಮಾ?"

"ನಾಲ್ಕೂ."

"ಒಂದೇ ಕೆಲಸ ಅನ್ನು." ಅಜ್ಜ ದನಿ ತಗ್ಗಿಸಿದ. "ಒಂದೇ ಅಂತ ಹೇಳಮ್ಮಾ, ನಿನ್ನ ದಮ್ಮಯ್ಯ."

"ನಾಲ್ಕು ಅಜ್ಜಾ. ಬೇಕಿದ್ದರೆ ಇನ್ನೊಂದು ಸಲ ಎಣಿಸು."

ಜನ ಹೋ ಎಂದರು. ಅವಳು ಕಟ್ಟೆ ಹತ್ತಿದಳು, ಅಜ್ಜನ ಉಂಡೆಯಿಂದ ತಾನೇ ಒಂದೆಳೆ ಎಳೆದಳು. ಐವತ್ತು ವರ್ಷದಲ್ಲಿ ಅಜ್ಜನ ಕೈಯಲ್ಲದೆ ಬೇರೆ ಕೈ ಆ ಉಂಡೆ ಮುಟ್ಟಿರಲಿಲ್ಲ. "ಇದು ಐದನೆಯದು, ಇವತ್ತು ಶುರು. ಈ ಬಾವಿಗೆ ಬಿದ್ದವಳ ಕಥೆ ಎಲ್ಲರೂ ಹೇಳ್ತೀರಿ. ಅವಳ ಹೆಸರಲ್ಲಿ ನಿಯಮ ಮಾಡಿದಿರಿ, ಕಟ್ಟೆ ಕಟ್ಟಿದಿರಿ. ಅವಳಿಗೊಂದು ಹಾಡು ಮಾತ್ರ ಯಾರೂ ಕಟ್ಟಲಿಲ್ಲ, ಎಲ್ಲರ ಕೈಯೂ ತುಂಬಿತ್ತಲ್ಲ! ಆ ಮಗಳ ಹೆಸರೇನು ಅಜ್ಜಾ?"

ಅಜ್ಜನ ಮುಖ ಸುಣ್ಣದಂತಾಯಿತು. ಬುಟ್ಟಿಯನ್ನು ಜನರ ಕಡೆ ತಳ್ಳಿ, "ಹತ್ತಿ" ಎಂದ.

ಎಲ್ಲರೂ ಹತ್ತಿ ತೆಗೆದುಕೊಂಡರು. ಕುಂಬಾರನೂ ತೆಗೆದುಕೊಂಡ, ಸುಣ್ಣದವನೂ ಅಳುತ್ತಾ ತುರುಕಿಕೊಂಡ, ಅಜ್ಜ ಎರಡೂ ಕಿವಿಗೆ ಒತ್ತಿಕೊಂಡ. ಗಾಣದವಳು ತನ್ನ ಕಿವಿಗೆ ಇಟ್ಟುಕೊಂಡಳು, ಮಗುವಿನ ಕಿವಿಗೆ ಇಡಲು ಅವಳಿಗೆ ಕೈ ಬರಲಿಲ್ಲ. ಇಡೀ ಊರು ಬಿಳಿ ಕಿವಿಯ ಊರಾಗಿ ಅವಳನ್ನು ನೋಡುತ್ತಾ ನಿಂತಿತು.

ಹಾಡುಗಾತಿ ಐದನೇ ದಾರವನ್ನು ಹಲ್ಲಿನಿಂದ ಕಚ್ಚಿ ಗಂಟು ಹಾಕಿದಳು. ಕಟ್ಟೆ ಇಳಿದು ಗುಡಾಣದ ಬಾಯನ್ನು ಬಾವಿಯ ಕಡೆ ತಿರುಗಿಸಿದಳು. ಅಂಗೈ ಎತ್ತಿ ಬಡಿದಳು.

ನೀರು ಕೊಡದ ಬಾವಿ ದನಿ ಕೊಟ್ಟಿತು. ಐವತ್ತು ವರ್ಷ ಬಾಯಿ ತೆರೆದುಕೊಂಡು ಸುಮ್ಮನಿದ್ದ ಆ ಅರ್ಧ ಬಾವಿ, ಗುಡಾಣದ ಪೆಟ್ಟನ್ನು ನುಂಗಿ, ಬಂಡೆಗೆ ತಾಗಿಸಿ, ನೆಲದೊಳಗಿನಿಂದ ವಾಪಸು ಕಳಿಸಿತು. ಕಿವಿಗೆ ಹತ್ತಿ ಇತ್ತು. ಪಾದಕ್ಕೆ ಹತ್ತಿ ಇರಲಿಲ್ಲವಲ್ಲ! ದನಿ ಅಂಗಾಲಿನಿಂದ ಹತ್ತಿತು, ಮಂಡಿಗೆ ಬಂತು, ಎದೆಗೂಡಿನಲ್ಲಿ ನಿಂತಿತು. ಜನ ತಮ್ಮ ತಮ್ಮ ಕಾಲು ನೋಡಿಕೊಂಡರು. ಯಾರೂ ಕಾಲು ಕೀಳಲಿಲ್ಲ. ಅವಳು ಒಂದೇ ಸಮನೆ ಬಡಿದಳು, ಬಡಿಯುತ್ತಾ ಹಾಡಿದಳು. ಜೋಗುಳ ನಾಲ್ಕು ನುಡಿ ಹಾಡಿ ಬಿಟ್ಟಳು. ಸುಣ್ಣದವನ ಹೆಂಡತಿಯ ಗುನುಗು ಎತ್ತಿ ಅದನ್ನೂ ನಡುವೆ ಬಿಟ್ಟಳು. ತನ್ನ ರಾಗ ಹಿಡಿದು ಸ್ವಲ್ಪ ದೂರ ಹೋಗಿ ನಿಂತಳು. ಒಂದನ್ನೂ ಮುಗಿಸಲಿಲ್ಲ. ಮುಗಿಸುವ ಆತುರವೂ ಅವಳಿಗಿರಲಿಲ್ಲ. ಕೈ ಕೆಂಪಾಯಿತು, ದನಿ ಒಡೆಯಿತು, ಅವಳು ನಿಲ್ಲಿಸಲಿಲ್ಲ. ಯಾರಿಗೂ ಕೇಳಿಸದಿದ್ದರೆ ಕಲ್ಲಿಗಾದರೂ ಕೇಳಲಿ!

ಆಗ ಗಾಣದವಳಿಗೆ ಹೆಗಲು ಭಾರವಾಯಿತು. ಏನೆಂದು ತಿರುಗಿ ನೋಡಿದಳು. ಮಗುವಿನ ತಲೆ ಹೆಗಲ ಮೇಲೆ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದು, ಜೊಲ್ಲು ಇಳಿದು, ಕಣ್ಣು ಮುಚ್ಚಿತ್ತು. ಉಸಿರಾಡುತ್ತಿದೆಯೇ ಎಂದು ಗಾಬರಿಯಿಂದ ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರಿತ್ತು. ನಿದ್ದೆ ಅದು. ಅವಳು ಎರಡೂ ಕಿವಿಯ ಹತ್ತಿ ಕಿತ್ತು ಬಾವಿಗೆ ಎಸೆದಳು. "ಮಲಗಿದ!" ಎಂದು ಎಲ್ಲರ ಮುಖದ ಮುಂದೆ ಹೋಗಿ ಪಿಸುಗುಟ್ಟಿದಳು. "ಮಲಗಿದ ಕಣ್ರೋ!" ಹತ್ತಿ ತುಂಬಿದ ಕಿವಿಗಳಿಗೆ ಅದು ಕೇಳಲಿಲ್ಲ. ಏನೆನ್ನುತ್ತಾಳೆಂದು ಕೇಳಲು ಒಬ್ಬ ಹತ್ತಿ ತೆಗೆದ, ಇನ್ನೊಬ್ಬಳು ತೆಗೆದಳು. ಸುಣ್ಣದವನಂತೂ ಯಾವಾಗಲೋ ತೆಗೆದಿದ್ದ. ಎಲ್ಲರೂ ತೆಗೆಯಲಿಲ್ಲ. ಈಗಲೂ ಆ ಊರಿನಲ್ಲಿ ಹತ್ತಿ ಕಿವಿಯವರು ಅರ್ಧಕ್ಕರ್ಧ ಇದ್ದಾರೆ, ಇರಲಿ.

ದಾರದಜ್ಜ ಕಟ್ಟೆಯಿಂದ ಇಳಿದ. ಅವಳ ಮುಂದೆ ಬಂದು ನಿಂತ. ಅವನ ಕೈಯಲ್ಲಿ ಕುಡುಗೋಲಿತ್ತು. ಕುಂಬಾರ ಹೆದರಿ ಒಂದು ಹೆಜ್ಜೆ ಮುಂದಿಟ್ಟ. ಅಜ್ಜ ಕುಡುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಕಿವಿಯ ಹತ್ತಿ ತೆಗೆದು, ಐವತ್ತು ವರ್ಷದಲ್ಲಿ ಮೊದಲ ಸಲ ಬಾವಿಯೊಳಗೆ ಬಗ್ಗಿ ನೋಡಿದ.

"ಪುಟ್ನಿಂಗಿ" ಎಂದ. "ನಮ್ಮ ಪುಟ್ನಿಂಗಿ ಅಂತ."

ಹಾಡುಗಾತಿ ಆ ಹೆಸರನ್ನು ಒಂದು ಸಲ ಗುಡಾಣದೊಳಗೆ ಹೇಳಿದಳು. ಬಾವಿ ತಿರುಗಿ ಹೇಳಿತು. ಅಜ್ಜ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ದಾರ ಹೂತಿದ್ದ ಅದೇ ಬಲಗೈಯನ್ನು ಅವಳ ಮುಂದೆ ಚಾಚಿದ. "ಬಾವಿಯ ದಾರ ಹಾಗೇ ಇರಲಿ, ಅದನ್ನೂ ಬಿಡಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕಟ್ಟು. ಅವಳಿಗೆ ನಾನೊಂದು ಬುಗುರಿ ಬಾಕಿ ಇಟ್ಟಿದ್ದೀನಿ."

ಅವಳು ಕಟ್ಟಿದಳು. 'ಒಂದು ಕೈ, ಒಂದು ದಾರ' ಎಂದು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಮಾರನೆಯ ದಿನ ಗಾಣದವಳು ಎರಡು ಒಲೆ ಹಚ್ಚಿ, ಒಂದರ ಮೇಲೆ ಅನ್ನ, ಒಂದರ ಮೇಲೆ ಸಾರು ಇಟ್ಟು ಎಲ್ಲರನ್ನೂ ಕರೆದಳು. ಬಿಸಿ ಅನ್ನಕ್ಕೆ ಬಿಸಿ ಸಾರು ಬಿದ್ದದ್ದೇ ಸುಣ್ಣದವನು ನಾಲಿಗೆ ಸುಟ್ಟುಕೊಂಡು ಬೈದ, ಬೈದು ಇನ್ನೊಂದು ಸಲ ಬಡಿಸಿಕೊಂಡ. ಅಜ್ಜ ಎಲೆಯ ಪಕ್ಕದಲ್ಲಿ ಒಂದು ಮರದ ತುಂಡು ಇಟ್ಟುಕೊಂಡೇ ಉಣ್ಣಲು ಕೂತಿದ್ದ. ಹಾಡುಗಾತಿ ತಡವಾಗಿ ಬಂದಳು. ಬಾಯಲ್ಲಿ ಏನೋ ಗುನುಗುತ್ತಿದ್ದಳು, ಕೈಯಲ್ಲಿ ಐದೂ ದಾರ ಹಾಗೇ ಇದ್ದವು.

"ದಾರ ಬಿಚ್ಚಿತಾ ಮಗಾ?" ಎಂದು ಅಜ್ಜ ರೂಢಿಯಂತೆ ಕೇಳಿದ.

"ಇಲ್ಲ ಅಜ್ಜಾ, ಒಂದೂ ಇಲ್ಲ!" ಎಂದು ಅವಳು ತಲೆ ಎತ್ತಿ, ಕೈ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ತೋರಿಸಿದಳು. "ನಿಂದು?"

"ನಂದೂ ಇಲ್ಲ ಕಣೇ" ಎಂದ ಅಜ್ಜ, ಮತ್ತು ತನ್ನ ಕೈಯನ್ನೂ ಎತ್ತಿದ.